ದವಡೆಯ ಮೂಳೆಯೊಳಗೇ ಹುಟ್ಟುವ ಕ್ಯಾನ್ಸರ್‌ಗಳು: ಪತ್ತೆ ಮತ್ತು ಚಿಕಿತ್ಸೆ

ನಮ್ಮ ಕಡೆ ದವಡೆಯ ಕ್ಯಾನ್ಸರ್ ಎಂದರೆ ಬಹುಪಾಲು ತಂಬಾಕು, ಅಡಿಕೆಯ ಅಭ್ಯಾಸದಿಂದ ವಸಡಿನಲ್ಲೋ ಕೆನ್ನೆಯ ಒಳಪದರದಲ್ಲೋ ಶುರುವಾಗಿ ಆಮೇಲೆ ಮೂಳೆಗೆ ಇಳಿದ ಸ್ಕ್ವೇಮಸ್ ಕೋಶದ ಕ್ಯಾನ್ಸರ್ ಎಂದೇ ಅರ್ಥ. ಈ ಟಿಪ್ಪಣಿ ಅದರ ಕುರಿತಾದದ್ದಲ್ಲ. ಬಾಯಿಯ ಒಳಚರ್ಮ ನೋಡಲು ಸರಿಯಾಗಿಯೇ ಇದ್ದು, ರೋಗ ಮೂಳೆಯೊಳಗೇ ಹುಟ್ಟುವ ಅಪರೂಪದ ಗುಂಪಿನ ಬಗ್ಗೆ, ಅದರಲ್ಲೂ ಮುಖ್ಯವಾಗಿ ಮೂಳೆಯನ್ನು ಉತ್ಪಾದಿಸುವ ಕೋಶಗಳ ಕ್ಯಾನ್ಸರ್ ಆದ ಆಸ್ಟಿಯೋಸಾರ್ಕೋಮಾದ ಬಗ್ಗೆ, ಇಲ್ಲಿ ಬರೆದಿದ್ದೇನೆ. ಈ ಗುಂಪಿನಲ್ಲಿ ಗಡ್ಡೆಯ ಹೆಸರು ಬದಲಾದರೆ ಚಿಕಿತ್ಸೆಯ ಕ್ರಮವೇ ತಲೆಕೆಳಗಾಗುವುದರಿಂದ, ಹೆಸರು ಖಚಿತವಾಗುವ ಮೊದಲು ಕೈಹಾಕಬಾರದೆಂಬುದನ್ನು ಓದುವಾಗಲೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದೇಹದ ಎಲ್ಲ ಆಸ್ಟಿಯೋಸಾರ್ಕೋಮಾಗಳಲ್ಲಿ ದವಡೆಯವು ಸುಮಾರು ಶೇ. 5ರಿಂದ 10ರಷ್ಟು ಮಾತ್ರ. ಮೊಣಕಾಲಿನ ಸುತ್ತ ಬರುವ ರೋಗ ಹದಿಹರೆಯದವರದ್ದಾದರೆ, ದವಡೆಯದ್ದು ಅದಕ್ಕಿಂತ ಒಂದೆರಡು ದಶಕ ತಡವಾಗಿ, ಹೆಚ್ಚಾಗಿ ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ ಕಾಣಿಸುತ್ತದೆ. ಶ್ವಾಸಕೋಶಕ್ಕೆ ಹರಡುವುದು ಕೈಕಾಲುಗಳ ಗಡ್ಡೆಗಿಂತ ಕಡಿಮೆ. ಇಲ್ಲಿ ಪ್ರಾಣಕ್ಕೆ ಕುತ್ತಾಗುವುದು ಬಹುತೇಕ ಅದೇ ಜಾಗದಲ್ಲಿ ಮರುಕಳಿಸುವ ರೋಗ. ಹಿಂದೆ ಪಡೆದ ವಿಕಿರಣ ಚಿಕಿತ್ಸೆ, ಪೇಜೆಟ್ ಕಾಯಿಲೆ (ಮೂಳೆ ಅಸಹಜವಾಗಿ ಸವೆದು ಮರುಬೆಳೆಯುವ ರೋಗ), ಆನುವಂಶಿಕ ರೆಟಿನೋಬ್ಲಾಸ್ಟೋಮಾ (ಮಕ್ಕಳ ಕಣ್ಣಿನ ಕ್ಯಾನ್ಸರ್) ಮತ್ತು ಲೀ-ಫ್ರೌಮೆನಿ ಸಿಂಡ್ರೋಮ್ (ಹಲವು ಬಗೆಯ ಕ್ಯಾನ್ಸರಿಗೆ ದಾರಿಮಾಡುವ ಆನುವಂಶಿಕ ಸ್ಥಿತಿ) ಅಪಾಯವನ್ನು ಹೆಚ್ಚಿಸುತ್ತವೆ. ಆದರೂ ಹೆಚ್ಚಿನ ರೋಗಿಗಳಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ.

ರೋಗಿ ಮೊದಲು ಹೋಗುವುದು ದಂತವೈದ್ಯರ ಬಳಿಗೆ, ಏಕೆಂದರೆ ಊತ, ಮಂದ ನೋವು, ಅಲ್ಲಾಡುವ ಹಲ್ಲು ಇವೆಲ್ಲ ಹಲ್ಲಿನ ತೊಂದರೆಗಳಂತೆಯೇ ತೋರುತ್ತವೆ. ಆಂಟಿಬಯಾಟಿಕ್ ಕೊಟ್ಟು, ಬೇರುನಾಳದ ಚಿಕಿತ್ಸೆ ಮಾಡಿ, ಕೊನೆಗೆ ಹಲ್ಲು ಕಿತ್ತ ಮೇಲೆ ಆ ಗುಳಿಯಿಂದಲೇ ಮಾಂಸದ ಮುದ್ದೆ ಬೆಳೆದು ಬಂದಾಗ ರೋಗ ಗುರುತಾದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ವಸಡು ಆರೋಗ್ಯವಾಗಿದ್ದೂ ಒಂದೆರಡು ಹಲ್ಲುಗಳು ಮಾತ್ರ ಸಡಿಲವಾಗಿದ್ದರೆ, ಅಥವಾ ಪೆಟ್ಟು, ಸೋಂಕು, ಶಸ್ತ್ರಚಿಕಿತ್ಸೆ ಯಾವುದೂ ಇಲ್ಲದೆ ಕೆಳತುಟಿ ಮತ್ತು ಗಲ್ಲ ಜೋಮು ಹಿಡಿದಿದ್ದರೆ, ಬೇರೆ ಕಾರಣ ಸಿದ್ಧವಾಗುವವರೆಗೆ ಅದನ್ನು ಮಾರಕ ಗಡ್ಡೆಯ ಲಕ್ಷಣವೆಂದೇ ಪರಿಗಣಿಸಬೇಕು. ಈ ಜೋಮು ಸ್ತನ, ಶ್ವಾಸಕೋಶ, ಮೂತ್ರಪಿಂಡ ಅಥವಾ ಪ್ರಾಸ್ಟೇಟ್‌ನ ಕ್ಯಾನ್ಸರ್ ದವಡೆಗೆ ಹರಡಿದ್ದರ ಮೊದಲ ಸುಳಿವೂ ಆಗಿರಬಹುದಾದ್ದರಿಂದ ದೇಹದ ಉಳಿದ ಭಾಗಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಎಕ್ಸ್-ರೇಯಲ್ಲಿ ಎಲ್ಲರಿಗೂ ನೆನಪಿರುವುದು ಸೂರ್ಯಕಿರಣಗಳಂತೆ ಹೊರಚಾಚಿದ ಹೊಸ ಮೂಳೆಯ ಎಳೆಗಳು. ಆದರೆ ಅವು ಎಲ್ಲ ರೋಗಿಗಳಲ್ಲಿ ಕಾಣುವುದಿಲ್ಲ, ಕಂಡಾಗಲೂ ರೋಗ ಸಾಕಷ್ಟು ಮುಂದುವರಿದಿರುತ್ತದೆ. ಪರೀಕ್ಷೆಗಷ್ಟೇ ಅಲ್ಲದೆ ರೋಗಿಗೂ ಹೆಚ್ಚು ಉಪಯೋಗಕ್ಕೆ ಬರುವ ಚಿಹ್ನೆ ಬೇರೆಯೇ ಇದೆ: ಹಲ್ಲಿನ ಬೇರು ಮತ್ತು ಮೂಳೆಯ ನಡುವಿನ ಪೆರಿಯೊಡಾಂಟಲ್ ಲಿಗಮೆಂಟಿನ ತೆಳು ಕಪ್ಪು ಗೆರೆ ಒಂದೋ ಎರಡೋ ಹಲ್ಲುಗಳ ಸುತ್ತ ಸಮನಾಗಿ ಅಗಲವಾಗುವುದು. 1967ರಲ್ಲಿ ಗ್ಯಾರಿಂಗ್‌ಟನ್ ಮತ್ತು ಸಂಗಡಿಗರು ದವಡೆಯ ಆಸ್ಟಿಯೋಸಾರ್ಕೋಮಾದ ರೋಗಿಗಳನ್ನು ಅಧ್ಯಯನ ಮಾಡಿ ಇದರ ಮಹತ್ವವನ್ನು ಎತ್ತಿ ತೋರಿಸಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ಕಚ್ಚುವಾಗ ಅತಿಯಾದ ಒತ್ತಡ ಬೀಳುವ ಹಲ್ಲುಗಳಲ್ಲೂ, ಸ್ಕ್ಲೆರೋಡರ್ಮಾ (ಚರ್ಮ ಗಟ್ಟಿಯಾಗುವ ರೋಗ) ಇರುವವರಲ್ಲಿ ಅನೇಕ ಹಲ್ಲುಗಳಲ್ಲೂ ಈ ಗೆರೆ ಅಗಲವಾಗುತ್ತದೆ ನಿಜ. ಆದರೆ ನೋವು ಅಥವಾ ಜೋಮಿನ ಜೊತೆಗೆ ಅದು ಒಂದೇ ಕಡೆ ಕಂಡರೆ ಕಾದು ನೋಡುವಂತಿಲ್ಲ. ಮುಂದಿನ ಹಂತದಲ್ಲಿ ಮೂಳೆಯ ಹೊರಪದರದ ನಾಶಕ್ಕೆ ಸಿಟಿ, ಮಜ್ಜೆಯೊಳಗೆ ರೋಗ ಎಲ್ಲಿಯವರೆಗೆ ಹಬ್ಬಿದೆಯೆಂಬುದಕ್ಕೆ ಎಂಆರ್‌ಐ, ಶ್ವಾಸಕೋಶಕ್ಕೆ ಎದೆಯ ಸಿಟಿ ಬೇಕು. ಇವೆಲ್ಲ ಬಯಾಪ್ಸಿಗೆ (ಪರೀಕ್ಷೆಗಾಗಿ ಗಡ್ಡೆಯ ತುಣುಕು ತೆಗೆಯುವುದಕ್ಕೆ) ಮೊದಲೇ ಆದರೆ ಒಳ್ಳೆಯದು.

ಬಯಾಪ್ಸಿಯ ವರದಿಯೊಂದನ್ನೇ ನಂಬಿದರೆ ದವಡೆಯಲ್ಲಿ ಮೋಸಹೋಗುವುದು ಸುಲಭ. ರೋಗಶಾಸ್ತ್ರಜ್ಞರು ಹುಡುಕುವುದು ಮಾರಕ ಕೋಶಗಳೇ ನೇರವಾಗಿ ಉತ್ಪಾದಿಸಿದ ಆಸ್ಟಿಯಾಯ್ಡ್ ಅನ್ನು, ಅಂದರೆ ಇನ್ನೂ ಗಟ್ಟಿಯಾಗದ ಎಳೆ ಮೂಳೆಯನ್ನು. ಮೇಲ್ಮೈಯಿಂದ ತೆಗೆದ ಚಿಕ್ಕ ತುಣುಕಿನಲ್ಲಿ ಅದು ಸಿಗದೆಯೇ ಹೋಗಬಹುದು. ದವಡೆಯಲ್ಲಿ ಮೃದ್ವಸ್ಥಿ ಹೇರಳವಾಗಿರುವ ಕಾಂಡ್ರೋಬ್ಲಾಸ್ಟಿಕ್ ಬಗೆ ಸಾಮಾನ್ಯವಾದ್ದರಿಂದ, ವರದಿಯಲ್ಲಿ ಬರೀ ಮೃದ್ವಸ್ಥಿಯ ಗಡ್ಡೆ ಎಂದಿದ್ದರೂ ಆಸ್ಟಿಯೋಸಾರ್ಕೋಮಾದ ಅನುಮಾನ ಬಿಡಬಾರದು. ಇನ್ನೊಂದು ತುದಿಯಲ್ಲಿ, ನಿಧಾನವಾಗಿ ಬೆಳೆಯುವ ಕೆಳದರ್ಜೆಯ ಬಗೆ ಫೈಬ್ರಸ್ ಡಿಸ್‌ಪ್ಲೇಸಿಯಾ ಎಂಬ, ಕ್ಯಾನ್ಸರ್ ಅಲ್ಲದ ಮೂಳೆಯ ತೊಂದರೆಯಂತೆಯೇ ಕಾಣುತ್ತದೆ; ಆಗ ಎಂಡಿಎಂ2, ಸಿಡಿಕೆ4 ಜೀನ್‌ಗಳ ಪ್ರತಿಗಳು ಹೆಚ್ಚಿದ್ದರೆ ಸಾರ್ಕೋಮಾದ ಕಡೆಗೂ, ಜಿಎನ್‌ಎಎಸ್ ರೂಪಾಂತರ ಸಿಕ್ಕರೆ ಡಿಸ್‌ಪ್ಲೇಸಿಯಾದ ಕಡೆಗೂ ತಕ್ಕಡಿ ವಾಲುತ್ತದೆ. ಸ್ಕ್ಯಾನಿನ ಚಿತ್ರ ಮತ್ತು ಬಯಾಪ್ಸಿಯ ಗಾಜಿನ ಪಟ್ಟಿ (ಸ್ಲೈಡ್) ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಒಂದಕ್ಕೊಂದು ಹೊಂದದಿದ್ದರೆ ಮತ್ತೊಮ್ಮೆ ಆಳದಿಂದ ಬಯಾಪ್ಸಿ ಮಾಡುವುದೇ ಸರಿ.

ಚಿಕಿತ್ಸೆಯ ಆಧಾರ ಶಸ್ತ್ರಚಿಕಿತ್ಸೆ. ಗಡ್ಡೆಯ ಸುತ್ತ ಎಲ್ಲ ದಿಕ್ಕಿನಲ್ಲೂ ರೋಗಮುಕ್ತ ಅಂಚು ಸಿಗುವಂತೆ ಒಂದೇ ತುಂಡಾಗಿ ತೆಗೆಯಬೇಕು. ಕೆಳದವಡೆಯಲ್ಲಿ ಇದು ಸಾಧ್ಯ. ಮೇಲ್ದವಡೆಯಲ್ಲಿ ಕಣ್ಣಿನ ಗೂಡು ಮತ್ತು ತಲೆಬುರುಡೆಯ ತಳ ಅಡ್ಡಬರುವುದರಿಂದ ಕಷ್ಟ. ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ ಹರಡುವುದು ವಿರಳವಾದ್ದರಿಂದ, ಸ್ಕ್ವೇಮಸ್ ಕ್ಯಾನ್ಸರಿನಲ್ಲಿ ಮಾಡುವಂತೆ ಅವನ್ನು ವಾಡಿಕೆಯಾಗಿ ತೆಗೆಯುವುದಿಲ್ಲ. ಖಾಲಿಯಾದ ಜಾಗಕ್ಕೆ ಕಾಲಿನ ಫಿಬ್ಯುಲಾ ಮೂಳೆಯನ್ನು ರಕ್ತನಾಳಗಳ ಸಮೇತ ತಂದು ಜೋಡಿಸುವ ಕ್ರಮವನ್ನು 1989ರಲ್ಲಿ ಹಿಡಾಲ್ಗೊ ಕೆಳದವಡೆಗೆ ಬಳಸಿ ವರದಿಮಾಡಿದ ಮೇಲೆ ಅದೇ ಮೊದಲ ಆಯ್ಕೆಯಾಯಿತು. ಆ ಮೂಳೆಯಲ್ಲಿ ಇಂಪ್ಲಾಂಟ್ ಕೂರಿಸಿ ಹಲ್ಲನ್ನೂ ಕೊಡಬಹುದು. ಕಿಮೊಥೆರಪಿಯ ವಿಷಯದಲ್ಲಿ ಇನ್ನೂ ಚರ್ಚೆಯಿದೆ. ಮೆಥೊಟ್ರೆಕ್ಸೇಟ್, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್ ಸೇರಿದ ಕ್ರಮದ ಪ್ರಯೋಜನ ಕೈಕಾಲಿನ ಗಡ್ಡೆಗಳಲ್ಲಿ ಸಿದ್ಧವಾದದ್ದು. ದವಡೆಗೆ ಅದನ್ನು ಅಲ್ಲಿಂದಲೇ ಎರವಲು ತರಲಾಗಿದೆ. ಉನ್ನತ ದರ್ಜೆಯ ಗಡ್ಡೆಗೆ ಕೊಡುವುದು ರೂಢಿಯಾದರೂ, ಔಷಧಿ ಶಸ್ತ್ರಚಿಕಿತ್ಸೆಯ ಮೊದಲೋ ನಂತರವೋ ಎಂಬುದನ್ನು ರೋಗಿಯನ್ನು ನೋಡಿಯೇ ತಂಡ ನಿರ್ಧರಿಸುತ್ತದೆ. ಅಂಚಿನಲ್ಲಿ ರೋಗ ಉಳಿದಿದ್ದು ಮತ್ತೆ ತೆಗೆಯಲಾಗದಿದ್ದರೆ ವಿಕಿರಣ ಕೊಡುತ್ತಾರೆ.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆ ಬಿಳಿ ರಕ್ತಕಣಗಳ ಕ್ಯಾನ್ಸರ್ ಆದ ಬರ್ಕಿಟ್ ಲಿಂಫೋಮಾ. 1958ರಲ್ಲಿ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಉಗಾಂಡಾದ ಮಕ್ಕಳ ದವಡೆಯಲ್ಲಿ ಅತಿವೇಗವಾಗಿ ಬೆಳೆಯುವ ಗಡ್ಡೆಯನ್ನು ಸಾರ್ಕೋಮಾ ಎಂದೇ ವರದಿಮಾಡಿದರು. ಅದು ಲಿಂಫೋಮಾ ಎಂಬುದು ಆಮೇಲೆ ತಿಳಿಯಿತು. ಇಲ್ಲಿ ದವಡೆ ಕತ್ತರಿಸುವ ಪ್ರಶ್ನೆಯೇ ಇಲ್ಲ: ಔಷಧಿಗೆ ಗಡ್ಡೆ ದಿನಗಳಲ್ಲೇ ಕರಗತೊಡಗುತ್ತದೆ, ಹಾಗೆ ಕರಗುವ ಭರದಲ್ಲಿ ರಕ್ತದ ಪೊಟ್ಯಾಸಿಯಂ ಮತ್ತು ಯೂರಿಕ್ ಆಮ್ಲ ಏರದಂತೆ ಕಾಯುವುದೇ ದೊಡ್ಡ ಕೆಲಸ.

ಹಲ್ಲನ್ನು ರೂಪಿಸುವ ಅಂಗಾಂಶದಿಂದ ಹುಟ್ಟುವ ಅಮೆಲೊಬ್ಲಾಸ್ಟಿಕ್ ಕಾರ್ಸಿನೋಮಾ ಇನ್ನೂ ವಿರಳ. ಅದಕ್ಕೂ ವಿಶಾಲ ಶಸ್ತ್ರಚಿಕಿತ್ಸೆಯೇ ದಾರಿ. ಅದೇ ಅಂಗಾಂಶದ, ಸಾಮಾನ್ಯವಾಗಿ ಮಾರಕವಲ್ಲದ ಗಡ್ಡೆಗಳಾದ ಅಮೆಲೊಬ್ಲಾಸ್ಟೋಮಾಗಳಲ್ಲಿ ಬಿಆರ್‌ಎಎಫ್ ಜೀನ್‌ನ ವಿ600ಇ ರೂಪಾಂತರ ಇರುವುದು 2014ರಲ್ಲಿ ತಿಳಿದುಬಂದ ಮೇಲೆ, ಕೆಲವು ಕಾರ್ಸಿನೋಮಾಗಳಲ್ಲೂ ಅದು ಕಂಡಿರುವುದರಿಂದ, ಗಡ್ಡೆಯನ್ನು ತೆಗೆಯಲಾಗದ ಅಥವಾ ರೋಗ ಹರಡಿದ ರೋಗಿಗಳಲ್ಲಿ ಈ ಪರೀಕ್ಷೆ ಮಾಡಿಸಿದರೆ ಆ ರೂಪಾಂತರವನ್ನೇ ಗುರಿಯಾಗಿಸುವ ಡಬ್ರಾಫೆನಿಬ್‌ನಂಥ ಔಷಧಿಗೆ ಅವಕಾಶವಿದೆಯೇ ಎಂಬುದು ಗೊತ್ತಾಗುತ್ತದೆ.