ಪದ ಪರಿಚಯ: ಸರಿದೂಗು ಬೆಳವಣಿಗೆ

ಮಳೆ ಹಿಡಿದು ತಿಂಗಳಾದ ಮೇಲೆ ದನದ ಮಂದೆಯನ್ನು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಒಣಗಾಲದ ಕೊನೆಗೆ ಪಕ್ಕೆಲುಬು ಎಣಿಸುವಷ್ಟು ಬಡವಾಗಿದ್ದ ಹೋರಿ ದಿನದಿನಕ್ಕೂ ಮೈ ಹಿಡಿಯುತ್ತಿರುತ್ತದೆ. ಪಕ್ಕದಲ್ಲೇ ಇನ್ನೊಂದು ಹೋರಿ. ಅದು ಒಣಗಾಲವಿಡೀ ಹಿಂಡಿ ತಿಂದು ಸುಖವಾಗಿತ್ತು. ಈಗ ಎರಡೂ ಮೇಯುವುದು ಒಂದೇ ಹುಲ್ಲು. ಆದರೂ ಸುಖವಾಗಿದ್ದದ್ದು ಮೆಲ್ಲಗೆ ಬೆಳೆಯುತ್ತದೆ, ಬಡವಾಗಿದ್ದದ್ದು ಓಡುತ್ತದೆ.

ಇದಕ್ಕೆ ಪಶುವಿಜ್ಞಾನದಲ್ಲಿ ಕಾಂಪೆನ್ಸೇಟರಿ ಗ್ರೋತ್ ಎಂದು ಹೆಸರು. ಇದನ್ನು ಕನ್ನಡದಲ್ಲಿ 'ಪರಿಹಾರಕ ಬೆಳವಣಿಗೆ' ಅನ್ನಬಹುದು. ನನಗೇನೋ ಅದು ಒಗ್ಗಲ್ಲ. ಪರಿಹಾರ ಅಂದರೆ ಬೇರೆ ಯಾರೋ ಕೊಡುವುದು, ಅಲ್ವಾ? ಇಲ್ಲಿ ಪ್ರಾಣಿ ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ 'ಸರಿದೂಗು ಬೆಳವಣಿಗೆ' ಎನ್ನುತ್ತೇನೆ. ತೂಗುವ ಮಾತು ಅದರೊಳಗೇ ಇದೆ, ಮಾಂಸದ ಪ್ರಾಣಿಗಳ ವ್ಯವಹಾರವೂ ತೂಕದ್ದೇ.

ಅರ್ಥ ಇಷ್ಟು: ಮೇವಿನ ಕೊರತೆಯಿಂದ ಬೆಳವಣಿಗೆ ನಿಂತುಹೋದ ಪ್ರಾಣಿ, ಮತ್ತೆ ಹೊಟ್ಟೆತುಂಬ ಒಳ್ಳೆಯ ಮೇವು ಸಿಕ್ಕಾಗ, ಹಸಿವು ಕಾಣದ ಅದೇ ವಯಸ್ಸಿನ ಪ್ರಾಣಿಗಿಂತ ಜಾಸ್ತಿ ವೇಗದಲ್ಲಿ ಬೆಳೆಯುವುದು. ಈ ಮಾತು ವೇಗದ ಬಗ್ಗೆ ಮಾತ್ರ. ಕೊನೆಗೆ ತೂಕ ಸಮವಾಗುತ್ತದೆ ಎಂಬ ಭರವಸೆ ಇದರಲ್ಲಿಲ್ಲ. ಜನ ಎಡವುವುದು ಇಲ್ಲೇ.

ಈ ಗುಣ ಗೊತ್ತಾಗಿ ನೂರು ವರ್ಷದ ಮೇಲಾಯಿತು. ಬೆಳವಣಿಗೆ ನಿಲ್ಲಿಸಿದ ಇಲಿಗಳು ಆಹಾರ ಸಿಕ್ಕೊಡನೆ ಮತ್ತೆ ಬೆಳೆಯುವುದನ್ನು ಆಸ್‌ಬಾರ್ನ್ ಮತ್ತು ಮೆಂಡೆಲ್ 1915ರಲ್ಲೇ ಬರೆದಿದ್ದರು. ಮಾಂಸದ ದನಗಳ ವಿಷಯದಲ್ಲಿ ಬೋಮನ್ ಎಂಬ ವಿಜ್ಞಾನಿ 1955ರಲ್ಲಿ ತಮ್ಮ ಪ್ರಬಂಧದ ತಲೆಬರಹಕ್ಕೇ ಈ ಪದ ಹಾಕಿದರು. ಕಾಯಿಲೆಯಿಂದ ಚೇತರಿಸಿಕೊಂಡ ಮಕ್ಕಳಲ್ಲಿ ಕಾಣುವ ಇಂಥದ್ದೇ ಬೆಳವಣಿಗೆಗೆ 1963ರಲ್ಲಿ 'ಕ್ಯಾಚ್ ಅಪ್ ಗ್ರೋತ್' ಎಂಬ ಇನ್ನೊಂದು ಹೆಸರು ಬಂತು.

ಉಷ್ಣವಲಯದಲ್ಲಿ ಇದು ದಿನನಿತ್ಯದ ಮಾತು. ಕಾರಣ ಹುಲ್ಲು. ಇಲ್ಲಿನ ಹುಲ್ಲು ಮಳೆ ಕಂಡರೆ ಸರಸರ ಬೆಳೆಯುತ್ತದೆ, ಅಷ್ಟೇ ಬೇಗ ಬಲಿತು ಕಡ್ಡಿಯಾಗುತ್ತದೆ. ಬಲಿತ ಹಾಗೆ ಪ್ರೋಟೀನ್ ಇಳಿಯುತ್ತದೆ. ಅದು ಸುಮಾರು ಶೇ. 7ಕ್ಕಿಂತ ಕೆಳಗೆ ಹೋದರೆ ದನದ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೇ ಉಪವಾಸ. ನಾರನ್ನು ಒಡೆಯುವ ಕೆಲಸ ಅವುಗಳದ್ದು. ಅವು ಸೊರಗಿದರೆ ಹುಲ್ಲು ಒಡೆಯುವುದಿಲ್ಲ, ಹೊಟ್ಟೆ ಖಾಲಿಯಾಗುವುದಿಲ್ಲ, ಖಾಲಿಯಾಗದ ಹೊಟ್ಟೆಗೆ ಹೊಸ ಮೇವು ಹಿಡಿಸುವುದಿಲ್ಲ. ಹೊಟ್ಟೆ ತುಂಬಿದ ಪ್ರಾಣಿ ಸೊರಗುತ್ತದೆ. 'ತಿಂದದ್ದು ಮೈಗೆ ಹತ್ತಲ್ಲ' ಅಂತೀವಲ್ಲ, ಅದೇ ಇದು. ಸಗಣಿ ನೋಡಿದರೂ ತಿಳಿಯುತ್ತದೆ: ಒಣಗಾಲದಲ್ಲಿ ಗಟ್ಟಿಯಾಗಿ ಪದರ ಪದರವಾಗಿ ಬೀಳುತ್ತದೆ, ಕೋಲಿನಲ್ಲಿ ಬಿಡಿಸಿದರೆ ಒಳಗೆ ಉದ್ದುದ್ದ ನಾರು.

ಹೀಗೆ ಮಳೆಯಲ್ಲಿ ಏರುವುದು, ಒಣಗಾಲದಲ್ಲಿ ಇಳಿಯುವುದು. ತೂಕದ ಗೆರೆ ಎಳೆದರೆ ಗರಗಸದ ಹಲ್ಲಿನ ಹಾಗಿರುತ್ತದೆ. ಬರೀ ಹುಲ್ಲಿನ ಮೇಲೆ ಬೆಳೆದ ಹೋರಿ ಮಾರುವ ತೂಕಕ್ಕೆ ಬರಲು ಮೂರು ನಾಲ್ಕು ವರ್ಷ ಹಿಡಿಯುವುದು ಇದಕ್ಕೇ.

ಬಡವಾಗಿದ್ದದ್ದು ಯಾಕೆ ಓಡುತ್ತದೆ? ಮುಖ್ಯ ಕಾರಣ ಮನೆಖರ್ಚು. ಬೆಳೆಯದೆ ಸುಮ್ನೆ ಜೀವ ಹಿಡಿದುಕೊಂಡಿರಲೂ ಪ್ರಾಣಿಗೆ ಶಕ್ತಿ ಬೇಕು. ಆ ಖರ್ಚಿನ ದೊಡ್ಡ ಪಾಲು ಯಕೃತ್ತು ಮತ್ತು ಕರುಳಿನದು. ತೂಕದಲ್ಲಿ ಅವು ಮೈಯ ಹತ್ತನೇ ಒಂದು ಭಾಗದ ಆಸುಪಾಸು, ಬಳಸುವ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ. ಮೇವು ಕಡಿಮೆಯಾದರೆ ಮೊದಲು ಕುಗ್ಗುವುದೂ ಅವೇ. ಒಲೆ ಸಣ್ಣದಾದ ಮೇಲೆ ಸೌದೆ ಕಡಿಮೆ ಸಾಕಲ್ಲ? ಮಳೆ ಬಂದು ಒಳ್ಳೆಯ ಮೇವು ಸಿಕ್ಕಾಗ ಒಲೆ ಕೆಲವು ವಾರ ಸಣ್ಣದಾಗಿಯೇ ಇರುತ್ತದೆ, ಹಾಗಾಗಿ ಉಳಿದದ್ದೆಲ್ಲ ಮೈಗೆ. ಜೊತೆಗೆ ಹಸಿದಿದ್ದ ಪ್ರಾಣಿ ತನ್ನ ತೂಕಕ್ಕೆ ಹೋಲಿಸಿದರೆ ಜಾಸ್ತಿ ತಿನ್ನುತ್ತದೆ. ಮೊದಮೊದಲು ಅದು ಕಟ್ಟುವುದು ಕೊಬ್ಬಿಗಿಂತ ಹೆಚ್ಚಾಗಿ ಮಾಂಸಖಂಡವನ್ನು. ಅದರಲ್ಲಿ ನೀರಿನಂಶ ಜಾಸ್ತಿ, ಹಾಗಾಗಿ ಒಂದು ಕಿಲೋ ಏರಲು ಬೇಕಾಗುವ ಶಕ್ತಿ ಕೊಬ್ಬಿಗಿಂತ ಕಡಿಮೆ.

ಇದರ ಜೊತೆ ಒಂದು ಮೋಸವೂ ಇದೆ. ಮೊದಲ ವಾರಗಳಲ್ಲಿ ತಕ್ಕಡಿ ತೋರಿಸುವ ಏರಿಕೆಯಲ್ಲಿ ಒಂದಿಷ್ಟು ಬರೀ ಹೊಟ್ಟೆಯೊಳಗಿನ ಹಸಿ ಹುಲ್ಲು ಮತ್ತು ನೀರು. ತೂಕ ಏರಿದೆ ಎಂದು ಹಿಗ್ಗಿ ಆಗಲೇ ಕಡಿಯಲು ಕಳಿಸಿದರೆ ಕೊಕ್ಕೆಗೆ ತೂಗುಹಾಕಿದ ಮೇಲೆ ಲೆಕ್ಕ ತಪ್ಪಿರುತ್ತದೆ.

ಈಗ ಒಂದು ಲೆಕ್ಕ, ಬರೀ ಉದಾಹರಣೆಗೆ. ತಲಾ 200 ಕಿಲೋದ ಎರಡು ಹೋರಿಗಳಿವೆ ಎಂದುಕೊಳ್ಳಿ. ಒಣಗಾಲದಲ್ಲಿ ಒಂದಕ್ಕೆ ಹಿಂಡಿ ಕೊಟ್ಟಿರಿ, ಅದು 200ರಲ್ಲೇ ನಿಂತಿತು. ಇನ್ನೊಂದಕ್ಕೆ ಏನೂ ಕೊಡಲಿಲ್ಲ, 170ಕ್ಕೆ ಇಳಿಯಿತು. ವ್ಯತ್ಯಾಸ 30 ಕಿಲೋ. ಮಳೆಗಾಲ ಮುಗಿಯುವಾಗ ಮೊದಲನೆಯದು 300, ಎರಡನೆಯದು 288. ವ್ಯತ್ಯಾಸ 12ಕ್ಕೆ ಬಂತು. ಅಂದರೆ ಹಿಂಡಿಗೆ ಸುರಿದ ದುಡ್ಡಿನಲ್ಲಿ 18 ಕಿಲೋದ ಪಾಲನ್ನು ಮಳೆ ಅಳಿಸಿಹಾಕಿತು. ಒಣಗಾಲ ಮುಗಿದ ದಿನ ತೂಗಿದವನಿಗೆ ಹಿಂಡಿ ಲಾಭದ ಬಾಬತ್ತು, ಮಳೆಗಾಲ ಮುಗಿದ ಮೇಲೆ ತೂಗಿದವನಿಗೆ ಅಷ್ಟಕ್ಕಷ್ಟೆ. ಯಾವ ದಿನ ಮಾರುತ್ತೀರಿ ಎಂಬುದರ ಮೇಲೆ ಹಿಂಡಿ ಕೊಡಬೇಕೋ ಬೇಡವೋ ಎಂಬುದು ನಿಂತಿದೆ. ಮಳೆಗೆ ಸ್ವಲ್ಪ ಮುಂಚೆ ಬಡಕಲು ಹೋರಿಗಳನ್ನು ಅಗ್ಗಕ್ಕೆ ಕೊಂಡು ಮಳೆಯ ಕೊನೆಗೆ ಮಾರುವವರು ಈ ಪದ ಕೇಳಿರಲಿಕ್ಕಿಲ್ಲ, ಆದರೆ ಅವರ ಕಸುಬು ನಿಂತಿರುವುದೇ ಇದರ ಮೇಲೆ.

ಹಾಗಾದರೆ ಒಣಗಾಲದಲ್ಲಿ ಸುಮ್ನೆ ಬಿಟ್ಟುಬಿಡೋಣ, ಮಳೆ ನೋಡಿಕೊಳ್ಳುತ್ತದೆ ಅಂದರಾಯಿತಲ್ಲ? ಈ ಪದ ಕೇಳಿದವರು ಮೊದಲು ಹೇಳುವುದೇ ಇದನ್ನು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇದು ಎಲ್ಲ ಪ್ರಾಣಿಗೂ, ಎಲ್ಲ ವಯಸ್ಸಿಗೂ ಹೊಂದುವ ಮಾತಲ್ಲ. ತಾಯಿ ಹೊಟ್ಟೆಯಲ್ಲಿದ್ದಾಗ ಅಥವಾ ಹಾಲು ಬಿಡುವ ಮುಂಚೆ ಸೊರಗಿದ ಕರು, ಮರಿಗಳು ಪೂರ್ತಿ ಸರಿದೂಗುವುದು ಕಷ್ಟ. ಮಾಂಸಖಂಡದ ಎಳೆಗಳ ಎಣಿಕೆ ಬಹುಮಟ್ಟಿಗೆ ಹುಟ್ಟುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಆಮೇಲೆ ಇರುವ ಎಳೆ ದಪ್ಪವಾಗಬೇಕಷ್ಟೆ. ಹಸಿವು ತುಂಬ ದಿನ ಎಳೆದರೆ ಅಥವಾ ತುಂಬ ಕಠಿಣವಾದರೆ ದೊಡ್ಡ ಹೋರಿಯೂ ಪೂರ್ತಿ ಸರಿದೂಗಲ್ಲ.

ತಾಯಂದಿರ ಕತೆ ಬೇರೆಯೇ. ಹೋರಿ ಬಡವಾದರೆ ಹೋದದ್ದು ಕಿಲೋ, ಹಸು ಬಡವಾದರೆ ಹೋದದ್ದು ಕರು. ಮೈಯಿಳಿದು ಕರು ಹಾಕಿದ ಹಸು ಬೇಗ ಬೆದೆಗೆ ಬರುವುದಿಲ್ಲ. ಕಳೆದ ಕಿಲೋ ವಾಪಸ್ ಬಂದೀತು, ತಪ್ಪಿದ ಗಬ್ಬ ಬರುವುದಿಲ್ಲ. ಹಿಂಡಿ ಸ್ವಲ್ಪವೇ ಇದ್ದರೆ ಮೊದಲ ಪಾಲು ಗಬ್ಬದ ಹಸುವಿಗೆ ಮತ್ತು ಹಾಲು ಬಿಟ್ಟ ಎಳೆಗರುಗಳಿಗೆ. ಬೆಳೆದ ಹೋರಿ ಕಾಯಬಲ್ಲದು.

ಕುರಿ ಮೇಕೆಗಳಲ್ಲೂ ಇದೇ ಗುಣ ಉಂಟು, ಆದರೆ ಗರಗಸದ ಹಲ್ಲು ಒಂದೇ ಥರ ಇರುವುದಿಲ್ಲ. ಮೇಕೆ ತಲೆ ಎತ್ತಿ ಮೇಯುವ ಪ್ರಾಣಿ. ಹುಲ್ಲು ಒಣಗಿದಾಗಲೂ ಪೊದೆಯ ಸೊಪ್ಪಿನಲ್ಲಿ ಪ್ರೋಟೀನ್ ಉಳಿದಿರುತ್ತದೆ, ಹಾಗಾಗಿ ಸೊಪ್ಪಿರುವ ಕಡೆ ಅದರ ಇಳಿತ ಕಡಿಮೆ. ಸೊಮಾಲಿಯಾ ಕಡೆಯ ಕರಿತಲೆ ಕುರಿಗಳು ಹಿಂಭಾಗದಲ್ಲಿ ಕೊಬ್ಬಿನ ಗಂಟು ಕಟ್ಟಿಕೊಂಡು ಒಣಗಾಲಕ್ಕೆ ಹೋಗುತ್ತವೆ, ಅದನ್ನೇ ಕರಗಿಸಿಕೊಂಡು ದಿನ ತಳ್ಳುತ್ತವೆ. ಕುರಿ ಮೇಕೆ ಸಾಕುವವರು ಹೆದರಬೇಕಾದದ್ದು ಸರಿದೂಗುವ ಕಾಲಕ್ಕೇ. ಹಸಿದ ಮರಿಗಳು ಒಮ್ಮೆಗೇ ಎಳೆಹುಲ್ಲಿನ ಮೇಲೆ ಅಥವಾ ಕಾಳಿನ ಮೇಲೆ ಬಿದ್ದರೆ ಕರುಳು ಬೇನೆ (ಎಂಟೆರೊಟಾಕ್ಸೀಮಿಯಾ, ಚಿಕ್ಕದಾಗಿ ಇ.ಟಿ.) ಬರಬಹುದು. ಸಾಯುವುದು ಹೆಚ್ಚಾಗಿ ಮಂದೆಯಲ್ಲೇ ಚೆನ್ನಾಗಿ ಬೆಳೆಯುತ್ತಿರುವ ಮರಿ. ಇ.ಟಿ. ಲಸಿಕೆಯನ್ನು ಮಳೆಗೆ ಮುಂಚೆಯೇ ಹಾಕಿಸುವುದು ಇದಕ್ಕೇ.

ಇನ್ನು ಯೂರಿಯಾ ಮತ್ತು ಕಾಕಂಬಿ ಸೇರಿಸಿ ಮಾಡುವ ನೆಕ್ಕುಬಿಲ್ಲೆ. ಅದರಿಂದ ಹೋರಿ ದಪ್ಪಗಾಗುತ್ತದೆ ಎಂದು ಕಾಯಬೇಡಿ. ಅದು ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ನೈಟ್ರೋಜನ್ ಕೊಟ್ಟು ಒಣಹುಲ್ಲನ್ನು ಅರಗಿಸುತ್ತದೆ, ಇಳಿತವನ್ನು ತಡೆಯುತ್ತದೆ. ಗರಗಸದ ಹಲ್ಲಿನ ಆಳ ಕಡಿಮೆಯಾಗುತ್ತದೆ, ಅಷ್ಟೆ. ಒಣಹುಲ್ಲೇ ಇಲ್ಲದ ಕಡೆ ಅದನ್ನು ಇಟ್ಟು ಉಪಯೋಗವಿಲ್ಲ.

ಸರಿದೂಗುವುದು ಮೊದಲ ಮಳೆಯ ದಿನ ಶುರುವಾಗುವುದೂ ಇಲ್ಲ. ಆಗ ಹಳೆ ಹುಲ್ಲು ನೆನೆದು ಕೊಳೆಯುತ್ತದೆ, ಹೊಸದು ಬೆರಳುದ್ದವೂ ಇರುವುದಿಲ್ಲ. ದನಗಳು ಹಸಿರಿನ ಆಸೆಗೆ ಒಣಹುಲ್ಲು ಬಿಟ್ಟು ದಿನವಿಡೀ ಅಲೆಯುತ್ತವೆ, ಬಾಯಿ ತುಂಬ ಸಿಗುವುದಿಲ್ಲ. ಇನ್ನಷ್ಟು ಬಡವಾಗುವುದು, ಎದ್ದೇಳಲಾಗದೆ ಬೀಳುವುದು ಈ ವಾರಗಳಲ್ಲೇ. ಮಳೆ ಬಂತಲ್ಲ ಎಂದು ಮೇವು ನಿಲ್ಲಿಸುವುದೂ ಆಗಲೇ. ಹುಲ್ಲು ಬಾಯಿಗೆ ಸಿಗುವವರೆಗೂ ಮೇವು ಕೊಡುತ್ತಿರಿ. ನೆಕ್ಕುಬಿಲ್ಲೆಯ ತೊಟ್ಟಿಗೆ ಮಾತ್ರ ಮಾಡು ಇರಲಿ. ಮಳೆನೀರು ತೊಟ್ಟಿಯಲ್ಲಿ ನಿಂತು ಯೂರಿಯಾ ಕರಗಿದ್ದರೆ, ಅದನ್ನು ಕುಡಿದ ದನ ಕೆಲವೇ ಗಂಟೆಗಳಲ್ಲಿ ಸಾಯಬಹುದು.