ಇಲಿ ಅಂದರೆ ಸಾಲದು, ತಳಿ ಹೇಳಿ: ಕ್ಯಾನ್ಸರ್ ಜೆನೆಟಿಕ್ಸ್ ಟಿಪ್ಪಣಿ

‘ಇಲಿಯಲ್ಲಿ ಈ ಜೀನ್ ಕೆಡಿಸಿದರು, ಗಡ್ಡೆ ಬಂತು.’ ಕ್ಯಾನ್ಸರ್ ಪಾಠಗಳಲ್ಲಿ ಇಂಥ ವಾಕ್ಯ ಪುಟಕ್ಕೊಂದು ಸಿಗುತ್ತದೆ. ಯಾವ ತಳಿಯ ಇಲಿ ಅಂತ ಕೇಳದೆ ಇದನ್ನು ಒಪ್ಪಬೇಡಿ. ನಮ್ಮ ಭಾನುವಾರದ ಗುಂಪಿಗೆ ಈ ಸಲ ಬರೆದಿರುವುದು ಇದರ ಬಗ್ಗೆಯೇ.

ಮೊದಲು, ಇಲಿ ಯಾಕೆ ಬೇಕು? ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯ ಮುಂದೆ ಕಾಯುತ್ತಾ ಕೂತವರನ್ನು ನೋಡಿ. ಒಬ್ಬರು ರಾಯಚೂರಿನವರು, ಇನ್ನೊಬ್ಬರು ಮಂಡ್ಯದವರು. ಒಬ್ಬರು ಬೀಡಿ ಸೇದಿದವರು, ಇನ್ನೊಬ್ಬರು ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕಿದವರು. ಜೀನ್‌ಗಳೂ ಬೇರೆ, ಬದುಕೂ ಬೇರೆ. ಇಷ್ಟರ ನಡುವೆ ಒಂದೇ ಒಂದು ಜೀನ್‌ನ ಪಾಲು ಎಷ್ಟು ಅಂತ ಬಿಡಿಸಿ ನೋಡೋದು ಬಹಳ ಕಷ್ಟ.

ಇಲಿಯಲ್ಲಿ ಅದು ಆಗುತ್ತದೆ. ಅಣ್ಣ-ತಂಗಿ ಇಲಿಗಳನ್ನೇ 20 ತಲೆಮಾರು ಸತತವಾಗಿ ಕೂಡಿಸಿದರೆ, ಆ ತಳಿಯ ಇಲಿಗಳೆಲ್ಲ ಹೆಚ್ಚುಕಡಿಮೆ ಅವಳಿಗಳಷ್ಟೇ ಒಂದೇ ಥರ ಆಗಿಬಿಡುತ್ತವೆ. ಕ್ಲಾರೆನ್ಸ್ ಕುಕ್ ಲಿಟ್ಲ್ 1909ರಲ್ಲಿ ಇಂಥ ಮೊದಲ ತಳಿ ಡಿಬಿಎ ಶುರುಮಾಡಿದರು. ಸುಮ್ನೆ ಹೇಳ್ತೀನಿ, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಶುರುವಾಗಿದ್ದೂ ಅದೇ ವರ್ಷ. 1921ರಲ್ಲಿ ಸಿ57ಬ್ಲ್ಯಾಕ್ ತಳಿ ಬಂತು. ಇವತ್ತು ಲ್ಯಾಬ್‌ಗಳಲ್ಲಿ ‘ಬ್ಲ್ಯಾಕ್ ಸಿಕ್ಸ್’ ಅನ್ನೋದು ಇದರದೇ ಒಂದು ಕವಲು. 1929ರಲ್ಲಿ ಲಿಟ್ಲ್ ಅಮೆರಿಕದ ಮೇನ್‌ನಲ್ಲಿ ಜಾಕ್ಸನ್ ಲ್ಯಾಬೊರೇಟರಿ ಕಟ್ಟಿದರು.

ಅಲ್ಲೇ ಒಂದು ಒಳ್ಳೆಯ ಪೇಚು ಎದುರಾಯಿತು. ಕೆಲವು ತಳಿಗಳ ಹೆಣ್ಣಿಲಿಗಳಿಗೆ ತಲೆಮಾರಿನಿಂದ ತಲೆಮಾರಿಗೆ ಸ್ತನದ ಗಡ್ಡೆ ಬರುತ್ತಿತ್ತು. ಜೀನ್‌ನದೇ ಕೆಲಸ ಅಂತ ಯಾರಿಗಾದರೂ ಅನಿಸುತ್ತದೆ. ಅಡ್ಡತಳಿ ಮಾಡಿ ನೋಡಿದರು. ತಾಯಿ ಗಡ್ಡೆಯ ತಳಿಯವಳಾದರೆ ಹೆಣ್ಣುಮರಿಗಳಿಗೆ ಗಡ್ಡೆ ಜಾಸ್ತಿ. ತಂದೆ ಆ ತಳಿಯವನಾದರೆ ಕಡಿಮೆ. ಬರೀ ಜೀನ್‌ನ ಮಾತಾಗಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಲೆಕ್ಕ ಬರಬೇಕಿತ್ತು, ಅಲ್ವಾ? 1936ರಲ್ಲಿ ಜಾನ್ ಬಿಟ್ನರ್ ಮರಿಗಳನ್ನು ಹುಟ್ಟಿದ ಕೂಡಲೇ ಬೇರೆ ತಳಿಯ ತಾಯಿಯ ಹಾಲಿಗೆ ಬಿಟ್ಟದ್ದನ್ನು ವರದಿ ಮಾಡಿದರು. ಗಡ್ಡೆ ಇಳಿಯಿತು. ರೋಗ ಸಾಗುತ್ತಿದ್ದುದು ಹಾಲಿನಲ್ಲಿದ್ದ ವೈರಸ್‌ನಿಂದ. ಇಷ್ಟಕ್ಕೆ ಕಥೆ ಮುಗಿಯಲಿಲ್ಲ. ಈ ವೈರಸ್ ಜೀವಕೋಶದ ಡಿಎನ್‌ಎ ಒಳಗೆ ಎಲ್ಲಿ ತೂರಿಕೊಂಡಿದೆ ಅಂತ ಹುಡುಕುತ್ತಾ ಹೋಗಿ, 1982ರಲ್ಲಿ ನೂಸ್ ಮತ್ತು ವಾರ್ಮಸ್ ಇಂದು ಡಬ್ಲ್ಯುಎನ್‌ಟಿ1 ಅಂತ ಕರೆಯುವ ಜೀನ್ ಹಿಡಿದರು. ಜೀನ್ ಅಲ್ಲ ಅಂತ ತಳ್ಳಿದ್ದೇ ಜೀನ್‌ಗೆ ದಾರಿ ತೋರಿಸಿತು.

ಈಗ ನನಗೆ ತುಂಬಾ ಇಷ್ಟವಾದ ಇಲಿ: ಮಿನ್. ವಿಸ್ಕಾನ್ಸಿನ್‌ನಲ್ಲಿ ಇಎನ್‌ಯು ಎಂಬ ರಾಸಾಯನಿಕದಿಂದ ಡಿಎನ್‌ಎ ಕೆಡಿಸಿ, ಮುಂದಿನ ಪೀಳಿಗೆಗಳಲ್ಲಿ ಏನು ಬದಲಾಗಿದೆ ಅಂತ ನೋಡುತ್ತಿದ್ದರು. ಒಂದು ವಂಶದ ಇಲಿಗಳು ದೊಡ್ಡವಾಗುತ್ತಾ ರಕ್ತಹೀನವಾದವು. ಕೊಯ್ದು ನೋಡಿದರೆ ಕರುಳಿನ ತುಂಬಾ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಎದ್ದ ಸಣ್ಣ ಗಡ್ಡೆಗಳು. 1990ರಲ್ಲಿ ಇದು ಪ್ರಕಟವಾಯಿತು. ಕೆಟ್ಟಿರುವುದು ಎಪಿಸಿ ಜೀನ್ ಅಂತ 1992ರಲ್ಲಿ ಗೊತ್ತಾಯಿತು: 850ನೇ ಕೋಡಾನ್‌ನಲ್ಲೇ (ಒಂದು ಅಮೈನೋ ಆಮ್ಲ ಸೂಚಿಸುವ ಮೂರಕ್ಷರದ ಸಂಕೇತ) ಪ್ರೋಟೀನ್ ನಿಂತುಹೋಗುತ್ತದೆ. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಎಫ್‌ಎಪಿ ಎಂಬ ವಂಶಪಾರಂಪರ್ಯ ಕಾಯಿಲೆ, ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್. ಮಿನ್ ಇಲಿಯಲ್ಲಿ ಮಾತ್ರ ಹೆಚ್ಚಿನವು ಸಣ್ಣ ಕರುಳಿನಲ್ಲಿ. ಇದನ್ನು ಪರೀಕ್ಷೆಯಲ್ಲಿ ಬರೆಯಲು ಮರೆಯಬೇಡಿ.

ಎಣಿಸುವ ಕೆಲಸ ತೀರಾ ಕೈಕೆಲಸ. ಕರುಳನ್ನು ಉದ್ದಕ್ಕೆ ಸೀಳಿ, ತೊಳೆದು, ಕಾಗದದ ಮೇಲೆ ಚಪ್ಪಟೆಯಾಗಿ ಹರಡಿ, ಮೈಕ್ರೋಸ್ಕೋಪಿನ ಕೆಳಗೆ ಒಂದೊಂದೇ ಉಬ್ಬು ಎಣಿಸಬೇಕು. ಹಾಗೆ ಎಣಿಸಿದಾಗ ಬ್ಲ್ಯಾಕ್ ಸಿಕ್ಸ್ ಹಿನ್ನೆಲೆಯ (ಅಂದರೆ ಉಳಿದ ಜೀನ್‌ಗಳೆಲ್ಲ ಆ ತಳಿಯವೇ ಆದ) ಮಿನ್ ಇಲಿಗಳಲ್ಲಿ ಸರಾಸರಿ ಸುಮಾರು 30 ಗಡ್ಡೆ ಸಿಕ್ಕವು. ಅದನ್ನೇ ಎಕೆಆರ್ ತಳಿಯ ಜೊತೆ ಕೂಡಿಸಿದಾಗ ಹುಟ್ಟಿದ ಮಿನ್ ಮರಿಗಳಲ್ಲಿ ಸುಮಾರು 6. ಕೆಟ್ಟ ಎಪಿಸಿ ಎರಡರಲ್ಲೂ ಅದೇ! ಹಾಗಾದರೆ ಎಕೆಆರ್ ಕಡೆಯಿಂದ ಬಂದ ಯಾವುದೋ ಜೀನ್ ಇಲಿಯನ್ನು ಗಡ್ಡೆಯಿಂದ ಕಾಪಾಡುತ್ತಿದೆ. 1993ರಲ್ಲಿ 4ನೇ ಕ್ರೋಮೋಸೋಮಿನಲ್ಲಿ ಮಾಮ್1 ಎಂಬ ಜಾಗ ಗುರುತಿಸಿದರು. ಅಲ್ಲಿ ಸಿಕ್ಕ ಮುಖ್ಯ ಜೀನ್ ಒಂದು ಫಾಸ್ಫೋಲಿಪೇಸ್ ಕಿಣ್ವದ್ದು. ಬ್ಲ್ಯಾಕ್ ಸಿಕ್ಸ್‌ನಲ್ಲಿ ಅದು ಮೊದಲಿಂದಲೇ ಕೆಟ್ಟಿದೆ. ಸರಿಯಿರುವ ಜೀನನ್ನು ಅದಕ್ಕೆ ಸೇರಿಸಿದಾಗ ಗಡ್ಡೆ ಕಡಿಮೆಯಾಯಿತು. ‘ಮಾಮೂಲಿ’ ಇಲಿ ಅಂತ ನಾವು ಇಟ್ಟುಕೊಂಡದ್ದರಲ್ಲೇ ಒಂದು ಕೊರತೆ ಇತ್ತು ಅನ್ನಿ.

ತಳಿ ಮಾತ್ರವಲ್ಲ, ಇಲಿಗೂ ಮನುಷ್ಯರಿಗೂ ವ್ಯತ್ಯಾಸ ಇದೆ. ಗಡ್ಡೆ ತಡೆಯುವ ಆರ್‌ಬಿ ಜೀನ್ ಬಗ್ಗೆ ಎರಡೇ ಮಾತು. ಒಂದು ಪ್ರತಿ ಕೆಟ್ಟ ಮಕ್ಕಳಿಗೆ ಕಣ್ಣಿನ ಕ್ಯಾನ್ಸರ್. ಇಲಿಗೆ ಪಿಟ್ಯುಟರಿಯ (ಮೆದುಳಿನ ಬುಡದ ಗ್ರಂಥಿ) ಗಡ್ಡೆ, ಕಣ್ಣಿಗೆ ಏನೂ ಇಲ್ಲ. ಇಲಿಯ ರೆಟಿನಾದಲ್ಲಿ ಪಿ107 ಎಂಬ ನೆಂಟ ಜೀನ್ ಜಾಗ ತುಂಬಿಕೊಡುತ್ತದೆ.

ಇನ್ನು ಲ್ಯಾಬ್ ಕಡೆ. ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್ ಇರಲಿ, ಟಾಟಾ ಇನ್‌ಸ್ಟಿಟ್ಯೂಟ್ ಇರಲಿ, ಪ್ರಾಣಿ ನೈತಿಕ ಸಮಿತಿ ಒಪ್ಪಿದ ಮೇಲೆಯೇ ಪ್ರಯೋಗ. ಪಂಜರದ ಚೀಟಿ ಓದುವುದನ್ನು ಕಲಿಯಿರಿ, ತಳಿಯ ಹೆಸರು ಅಲ್ಲಿರುತ್ತದೆ. ಹಳೆಯ ನಾಕ್‌ಔಟ್ ಇಲಿಗಳನ್ನು (ಒಂದು ಜೀನ್ ಬೇಕೆಂದೇ ಕೆಡಿಸಿದವು) ಬಹುಪಾಲು 129 ತಳಿಯ ಭ್ರೂಣಕೋಶಗಳಲ್ಲಿ ಮಾಡಿ, ಆಮೇಲೆ ಬ್ಲ್ಯಾಕ್ ಸಿಕ್ಸ್‌ಗೆ ಸತತ 10 ಸಲ ಕೂಡಿಸಿ ಹಿನ್ನೆಲೆ ಬದಲಿಸುತ್ತಿದ್ದರು. ಆದರೂ ಕೆಡಿಸಿದ ಜೀನ್‌ನ ಅಕ್ಕಪಕ್ಕದ ತುಣುಕು 129ರದ್ದೇ ಉಳಿಯುತ್ತದೆ. ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ವಿಧಾನ ಬಂದ ಮೇಲೆ ನೇರವಾಗಿ ಬ್ಲ್ಯಾಕ್ ಸಿಕ್ಸ್‌ನಲ್ಲೇ ಮಾಡಬಹುದು. ಹೋಲಿಸಿ ನೋಡಲು ಮಾತ್ರ ಒಂದೇ ಸೂಲಿನ ಮರಿಗಳನ್ನೇ ತೆಗೆದುಕೊಳ್ಳಿ.

ಭಾನುವಾರಕ್ಕೆ ಒಂದು ಪ್ರಶ್ನೆ. ಗಡ್ಡೆ ತಡೆಯುವ ಪಿ53 ಜೀನ್‌ನ ಒಂದು ಪ್ರತಿ ಕೆಟ್ಟ ಮನೆತನಗಳ ಹೆಂಗಸರಿಗೆ ಸ್ತನ ಕ್ಯಾನ್ಸರ್ ಹೆಚ್ಚು. ಅದೇ ರೀತಿ ಕೆಡಿಸಿದ ಬ್ಲ್ಯಾಕ್ ಸಿಕ್ಸ್ ಇಲಿಗೆ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್), ಸಾರ್ಕೋಮಾ (ಮೂಳೆ, ಸ್ನಾಯುಗಳಂಥ ಅಂಗಾಂಶದ ಕ್ಯಾನ್ಸರ್) ಬರುತ್ತವೆ. ಸ್ತನದ ಗಡ್ಡೆ ಅಪರೂಪ. ಬಾಲ್ಬ್-ಸಿ ತಳಿಯ ಹೆಣ್ಣಿಲಿಗಳಿಗೆ ಮಾತ್ರ ಸ್ತನದ ಗಡ್ಡೆ ಚೆನ್ನಾಗಿಯೇ ಬರುತ್ತದೆ. ಮಾಮ್1 ಥರದ ಜೀನ್ ಹುಡುಕಲು ಹೊರಡುವ ಮುಂಚೆ, ಇದು ಹಾಲಿನ ವೈರಸ್ ಅಲ್ಲ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುತ್ತೀರಿ? ಯಾವ ತಾಯಿ, ಯಾವ ತಂದೆ, ಯಾರ ಹಾಲು ಅಂತ ಪಟ್ಟಿ ಹಾಕಿಕೊಂಡು ಬನ್ನಿ.