ರಸ್ತೆ ಬದಿಯ ದೊಡ್ಡ ಮರ, ಒಂದು ಟ್ರ್ಯಾಕ್ಟರ್, ಒಂದು ಹಗ್ಗ

ಮರ ಉರುಳಿಸುವ ಪಾಠ ಶುರುವಾದಾಗ ನಮ್ಮ ಬ್ಯಾಚಿನಲ್ಲಿ ಎಲ್ಲರ ಪ್ರಶ್ನೆ ಒಂದೇ: ಮರಕ್ಕೆ ಹಗ್ಗ ಕಟ್ಟಿ ಎಳೆಯಲು ಎಷ್ಟು ಎಚ್‌ಪಿ ಟ್ರ್ಯಾಕ್ಟರ್ ಬೇಕು? ಲೆಕ್ಕ ಹಾಕುತ್ತಾ ಹೋದಾಗ ಗೊತ್ತಾಯಿತು, ಹಗ್ಗ ಎಷ್ಟು ಎತ್ತರದಲ್ಲಿ ಕಟ್ಟಿದ್ದೀರಿ ಅನ್ನೋದೇ ಜಾಸ್ತಿ ಮುಖ್ಯ. ಈ ಟಿಪ್ಪಣಿ ಅದರ ಬಗ್ಗೆ.

ಕಾಗದದ ಕೆಲಸ ಬೇಗ ಹೇಳಿಬಿಡುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಆದರೆ ರಸ್ತೆ ಬದಿಯ ಮರ ನಮ್ಮದೇ ಅಲ್ಲವಲ್ಲ, ಕೇಳದೆ ಮುಟ್ಟುವ ಹಾಗಿಲ್ಲ. ಹತ್ತಿರ ವೈರ್ ಇದ್ದರೆ ಬೆಸ್ಕಾಂಗೆ ಹೇಳಿ (ಸಹಾಯವಾಣಿ 1912) ಲೈನ್ ಆಫ್ ಮಾಡಿಸಬೇಕು. ಬೀದಿಯಲ್ಲಿ ಕರೆಂಟ್ ಹೋಗಿದೆ ಅಂದ ಮಾತ್ರಕ್ಕೆ ಲೈನ್ ಆಫ್ ಆಗಿದೆ ಅಂತಲ್ಲ. ಲೈನ್‌ಮ್ಯಾನ್ ಎದುರಿಗೆ ನಿಂತು ಹೇಳಿದ ಮೇಲೇ ಕೆಲಸ.

ಜಯನಗರ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಇಡೀ ಮರವನ್ನು ಒಂದೇ ಸಲ ಉರುಳಿಸುವ ಮಾತೇ ಇಲ್ಲ. ತುದಿಯಿಂದ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕು. ಬುಡದಿಂದ ಬೀಳಿಸುವುದು ದೇವನಹಳ್ಳಿ, ನೆಲಮಂಗಲದ ಕಡೆ, ಸುತ್ತಲೂ ಮರದ ಎತ್ತರದ ಎರಡರಷ್ಟು ಜಾಗ ಖಾಲಿ ಇದ್ದರೆ ಮಾತ್ರ. ಎರಡೂ ಕಡೆಯ ಟ್ರಾಫಿಕ್ ನಿಲ್ಲಿಸಲು ಬೇರೆ ಜನ ಇರಬೇಕು. ಚೈನ್ ಸಾ ಹಿಡಿದವನೇ ಬೈಕ್‌ನವರಿಗೆ ಕೈ ಅಡ್ಡ ಹಿಡಿಯುವುದನ್ನು ನಾನು ನೋಡಿದ್ದೇನೆ!

ಮರ ನೋಡುವಾಗ ಮೂರು ಕಡೆ ಗಮನ. ರೆಂಬೆಗಳ ಭಾರ ಯಾವ ಕಡೆಗಿದೆ? ಗುಲ್‌ಮೊಹರ್, ಮಳೆಮರಗಳು ಕಟ್ಟಡ ಇಲ್ಲದ ಕಡೆಗೆ, ಅಂದರೆ ರಸ್ತೆ ಕಡೆಗೇ ಚಾಚಿಕೊಂಡಿರುತ್ತವೆ. ಬೇರು ಹೇಗಿದೆ? ಚರಂಡಿ ಅಗೆದಾಗ ಒಂದು ಪಕ್ಕದ ಬೇರು ಕತ್ತರಿಸಿ ಹೋಗಿರಬಹುದು. ಒಳಗೆ ಟೊಳ್ಳಾ? ಕೊಡಲಿಯ ಹಿಂಬದಿಯಿಂದ ಬಡಿದು ಕೇಳಿ. ಡೊಳ್ಳಿನ ಹಾಗೆ ಸದ್ದು ಬಂದರೆ ಮುಂದೆ ಹೇಳುವ ಕೀಲಿನ ಮೇಲೆ ನಂಬಿಕೆ ಇಡಬೇಡಿ.

ಕೀಲು ಅಂದರೆ ಇಷ್ಟೇ. ಮರ ಬೀಳಬೇಕಾದ ಕಡೆ ಮೊದಲು ಬಾಯಿ ತೆರೆದ ಹಾಗೆ ಕಚ್ಚು ಹಾಕುತ್ತೇವೆ. ಬುಡದ ಅಡ್ಡಳತೆ 60 ಸೆಂ.ಮೀ. ಇದ್ದರೆ ಕಚ್ಚು 12ರಿಂದ 15 ಸೆಂ.ಮೀ. ಆಳ. ಆಮೇಲೆ ಹಿಂದಿನಿಂದ, ಕಚ್ಚಿನ ಮೂಲೆಗಿಂತ ಸ್ವಲ್ಪ ಮೇಲೆ ಕೊಯ್ಯುತ್ತೇವೆ. ಆದರೆ ಪೂರ್ತಿ ಕೊಯ್ಯುವುದಿಲ್ಲ. ನಡುವೆ ಸುಮಾರು 6 ಸೆಂ.ಮೀ. ದಪ್ಪದ ಪಟ್ಟಿ ಉಳಿಸುತ್ತೇವೆ, ಅಂದರೆ ಅಡ್ಡಳತೆಯ ಹತ್ತನೇ ಒಂದು ಪಾಲು. ಬಾಗಿಲ ಕೀಲಿನಂತೆ ಮರವನ್ನು ಒಂದೇ ದಿಕ್ಕಿಗೆ ಬಾಗಿಸುವುದು ಈ ಪಟ್ಟಿ. ಅದನ್ನು ಕೊಯ್ದುಬಿಟ್ಟರೆ ಟ್ರ್ಯಾಕ್ಟರ್ ಎಷ್ಟೇ ಎಳೆದರೂ ದಿಕ್ಕು ಮರದ್ದೇ.

ಈಗ ಲೆಕ್ಕ. ಮರದ ಎತ್ತರ 15 ಮೀಟರ್, ತೂಕ 3 ಟನ್ ಅಂದುಕೊಳ್ಳಿ. ಅದರ ಭಾರದ ಕೇಂದ್ರ ಕೀಲಿನಿಂದ 1 ಮೀಟರ್ ಹಿಂದಕ್ಕೆ ವಾಲಿದೆ. ಹಾಗಾದರೆ ಅದು ಹಿಂದಕ್ಕೆ ತಿರುಗಿಸುವ ಬಲ 3 × 1 = 3 ಟನ್-ಮೀಟರ್. ಟ್ರ್ಯಾಕ್ಟರ್ 30 ಮೀಟರ್ ದೂರದಲ್ಲಿ ನಿಂತು 1 ಟನ್ ಬಲದಿಂದ ಎಳೆಯುತ್ತಿದೆ. ಹಗ್ಗವನ್ನು 3 ಮೀಟರ್ ಎತ್ತರದಲ್ಲಿ ಕಟ್ಟಿದರೆ ನಮ್ಮ ಕಡೆಯದೂ ಸುಮಾರು 3. ಸರಿಸಮ, ಮರ ಅಲ್ಲಾಡುವುದಿಲ್ಲ. ಅದೇ ಹಗ್ಗ 10 ಮೀಟರ್ ಎತ್ತರದಲ್ಲಿದ್ದರೆ ಹಗ್ಗ ಇಳಿಜಾರಾಗಿರುವುದರಿಂದ ಆಗುವ ನಷ್ಟ ಕಳೆದು 9.5! ಎಚ್‌ಪಿ ಒಂದೂ ಹೆಚ್ಚಿಲ್ಲ, ನೋಡಿ.

1 ಟನ್ ಯಾಕೆ? 2 ಟನ್ ತೂಕದ ಟ್ರ್ಯಾಕ್ಟರ್ ತನ್ನ ತೂಕದ ಅರ್ಧದಷ್ಟು ಎಳೆಯಬಹುದು ಅಂತ ಹಿಡಿದೆ. ಇಂಜಿನ್ ದೊಡ್ಡದಾದರೂ ಹಿಡಿತ ಟೈರಿನದು. ಮಳೆ ಬಂದ ನೆಲದಲ್ಲಿ ಅಷ್ಟೂ ಸಿಗದು.

ಹಗ್ಗದ ಇನ್ನೊಂದು ತುದಿಯಲ್ಲೂ ಎತ್ತರದ್ದೇ ಆಟ, ಆದರೆ ಉಲ್ಟಾ. ಯಲಹಂಕದ ಆಚೆ ನಮ್ಮ ಮಾವನ ತೋಟದಲ್ಲಿ ನೀಲಗಿರಿ ಎಳೆಯುವಾಗ ಹಗ್ಗವನ್ನು ಕೆಳಗಿನ ಟ್ರೈಲರ್ ಹುಕ್ಕಿಗೆ ಹಾಕುವ ಬದಲು ಮೇಲಿನ ಟಾಪ್ ಲಿಂಕ್ ಪಿನ್ನಿಗೆ (ನೇಗಿಲಿನಂಥ ಉಪಕರಣದ ಮೇಲ್ಭಾಗ ಜೋಡಿಸುವ ಪಿನ್) ಸಿಕ್ಕಿಸಿದ್ದೆ. ಕೈಗೆ ಸುಲಭವಾಗಿ ಸಿಕ್ಕಿತು, ಅಷ್ಟೇ ಕಾರಣ. ಕ್ಲಚ್ ಬಿಟ್ಟ ತಕ್ಷಣ ಮುಂದಿನ ಚಕ್ರಗಳು ಒಂದಡಿ ಮೇಲೆದ್ದವು. ಮಾವ ಕ್ಲಚ್ ಒತ್ತಿದ್ದರಿಂದ ಬಚಾವಾದೆವು. "ಇನ್ನೊಂದ್ ಕ್ಷಣ ಆಗಿದ್ರೆ ನಾನು ಕೆಳಗೆ, ಗಾಡಿ ಮೇಲೆ" ಅಂದರು. ಎಳೆತ ಹಿಂದಿನ ಚಕ್ರಗಳ ಅಚ್ಚಿಗಿಂತ ಮೇಲಿದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ.

ಇನ್ನು ಸಮಯ. ಕೊಯ್ಯುತ್ತಿರುವಾಗ ಹಗ್ಗ ಬಿಗಿಯಾಗಿದ್ದರೆ ಸಾಕು, ಜೋರಾಗಿ ಎಳೆಯಬಾರದು. ಎಳೆದರೆ ಕೀಲು ತಯಾರಾಗುವ ಮೊದಲೇ ಕಾಂಡ ಉದ್ದಕ್ಕೆ ಸೀಳಿ, ಅರ್ಧ ಭಾಗ ಕೊಯ್ಯುವವನ ಎದೆಗೇ ಬಡಿಯಬಹುದು. ಕೀಲು ಉಳಿಸಿ, ಹಿಂದಿನ ಕೊಯ್ತದೊಳಗೆ ಬೆಣೆ ಹೊಡೆದು, ಕೊಯ್ಯುವವನು ಓರೆಯಾಗಿ ಹಿಂದಕ್ಕೆ ಸರಿದು ಕೈ ಎತ್ತಿದ ಮೇಲೆ ನಿಧಾನವಾಗಿ ಎಳೆಯಬೇಕು. ಜೆಸಿಬಿ ಬಕೆಟ್‌ನಿಂದ ತಳ್ಳುವುದು ನನಗೆ ಇಷ್ಟವಿಲ್ಲ. ತಳ್ಳುವ ಜಾಗ ಕೆಳಗೆ, ಒಣ ಕೊಂಬೆ ಕಳಚಿ ಬೀಳುವುದು ಆಪರೇಟರ್ ತಲೆ ಮೇಲೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಅದೇ ಮರ, ಹಗ್ಗ 10 ಮೀಟರ್ ಎತ್ತರದಲ್ಲಿ, ಆದರೆ ಟ್ರ್ಯಾಕ್ಟರ್‌ಗೆ ಸಿಕ್ಕ ಜಾಗ 15 ಮೀಟರ್ ದೂರದಲ್ಲಿ. ತಿರುಗಿಸುವ ಬಲ ಸುಮಾರು 8.3, ಧಾರಾಳವಾಗಿ ಸಾಕು. ಆದರೆ ಮರದ ಎತ್ತರವೂ 15 ಮೀಟರ್. ಡ್ರೈವರ್ ಎಲ್ಲಿ ಕೂತಿದ್ದಾನೆ ನೋಡಿ. ಆ ಜಾಗದಲ್ಲಿ ರಾಟೆ ಕಟ್ಟಿ ಹಗ್ಗವನ್ನು ಪಕ್ಕಕ್ಕೆ ತಿರುಗಿಸಿ, ಟ್ರ್ಯಾಕ್ಟರನ್ನು ಅಡ್ಡ ದಿಕ್ಕಿನಲ್ಲಿ ದೂರ ನಿಲ್ಲಿಸಬೇಕು. ಹಗ್ಗ 90 ಡಿಗ್ರಿ ತಿರುಗಿದರೆ ರಾಟೆಯ ಮೇಲೆ ಸುಮಾರು 1.4 ಟನ್ ಬೀಳುತ್ತದೆ. ಹಗ್ಗದ ಆ ಮೂಲೆಯ ಒಳಗೆ ಯಾರೂ ನಿಲ್ಲಬಾರದು. ರಾಟೆಯನ್ನು ಹತ್ತಿರದ ಲೈಟ್ ಕಂಬಕ್ಕೆ ಕಟ್ಟಲೂ ಬಾರದು.